ಕಂಬಿಯ ಬುಡಕ್ಕೆ ನೀರು

ಅಕೋಲ್ಗೊ ನಮ್ಮ ಅಂಗಳಕ್ಕೆ ಕಾಲಿಟ್ಟನೆಂದರೆ ಅವನ ಮೊದಲ ಮಾತೇ ನನ್ನ ಮಾವನ ಸಾವಿನದು.

"ಏನೋ ಮುದುಕಾ, ಇನ್ನೂ ಉಸಿರಾಡ್ತಾ ಇದೀಯಾ? ನಿನ್ನ ಸಾವಿನೂಟಕ್ಕೆ ಅಂತ ಬೆಳಗ್ಗಿಂದ ಹೊಟ್ಟೆ ಖಾಲಿ ಇಟ್ಕೊಂಡು ಬಂದಿದೀನಿ. ನೀನು ನೋಡಿದ್ರೆ ಇಲ್ಲಿ ಹೆಂಡ ಕುಡೀತಾ ಕೂತಿದೀಯ!"

ನನ್ನ ಮಾವ ಕ್ಲೀಟಸ್ ಡಕುರಾ ಅಡುಗೆಮನೆಯಲ್ಲಿದ್ದ ನನ್ನ ಕಡೆ ತಿರುಗಿ ಕೂಗುತ್ತಿದ್ದರು. "ಸಬೀನಾ, ನಾಯೀನ ಒಳಗೆ ಕಟ್ಟಮ್ಮ. ನಾಯಿತಲೆ ತಿನ್ನೋನು ಬಂದ. ಇವನ ಕಣ್ಣು ಬಿದ್ರೆ ಅದರ ತಲೆ ಉಳಿಯಲ್ಲ."

ಇಷ್ಟಾದ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು, ಸಂಜೆಯವರೆಗೆ ಒಬ್ಬರನ್ನೊಬ್ಬರು ಬೈದುಕೊಂಡು ಜೋಳದ ಹೆಂಡ ಕುಡಿಯುತ್ತಿದ್ದರು. ಅಕೋಲ್ಗೊ ಫ್ರಫ್ರಾ ಕುಲದವನು, ನಾವು ಡಗಾಬ ಕುಲದವರು. ನಾಯಿಯ ತಲೆ ಯಾರ ಪಾಲು ಎಂದು ಎರಡೂ ಕಡೆಯ ಅಜ್ಜಂದಿರು ಎಂದೋ ಕಿತ್ತಾಡಿದ್ದರಂತೆ. ಆ ಜಗಳವೇ ಈಗ ನಂಟು. ನಾವು ಅವರನ್ನು, ಅವರು ನಮ್ಮನ್ನು ಬಾಯಿಗೆ ಬಂದಂತೆ ಬೈಯಬಹುದು. ಸಿಟ್ಟು ಮಾಡಿಕೊಳ್ಳುವಂತಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳುವಂತಿಲ್ಲ, ಒಬ್ಬರಿಗೊಬ್ಬರು ಕೇಡು ಬಗೆಯುವಂತೆಯಂತೂ ಇಲ್ಲವೇ ಇಲ್ಲ. ನಮ್ಮ ಅತ್ತೆ ತೀರಿಕೊಂಡ ದಿನ ಅಕೋಲ್ಗೊ ಹೆಣದ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿ, "ಏಳೇ ಸೋಮಾರಿ, ಈ ಮುದುಕನಿಗೆ ಗಂಜಿ ಯಾರು ಕಾಯಿಸ್ತಾರೆ?" ಎಂದು ಗದರಿಸಿದ್ದ. ಅಲ್ಲಿಯವರೆಗೆ ಕಲ್ಲಾಗಿ ಕೂತಿದ್ದ ಮಾವ ಬಿದ್ದು ಬಿದ್ದು ನಕ್ಕರು, ನಗುತ್ತಲೇ ಅಳತೊಡಗಿದರು. ಅವರನ್ನು ಅಳಿಸಲು ಪಾದ್ರಿಯಿಂದಲೂ ಆಗಿರಲಿಲ್ಲ.

ಅಕೋಲ್ಗೊ ಹುಡುಗನಾಗಿದ್ದಾಗ ಬೊಲ್ಗಾ ಕಡೆಯಿಂದ ನಮ್ಮ ವಾ ಪಟ್ಟಣಕ್ಕೆ ಬಂದವನು. ಮೊದಲು ರೇಡಿಯೋ ರಿಪೇರಿ, ಆಮೇಲೆ ಟೀವಿ, ಈಗ ಕಂಪ್ಯೂಟರ್. ಬಸ್‌ಸ್ಟ್ಯಾಂಡಿನ ಪಕ್ಕ ಹಳೆಯ ಕಬ್ಬಿಣದ ಕಂಟೇನರಿನಲ್ಲಿ ಅವನ ಅಂಗಡಿ. ಯಂತ್ರದ ಹೊಟ್ಟೆ ಬಿಚ್ಚಿ ಬಾಯಿಂದಲೇ ಧೂಳು ಊದುತ್ತಿದ್ದುದರಿಂದ ಹುಬ್ಬು ಸದಾ ಬೂದು. ತಮಾಷೆಯಿಲ್ಲದೆ ಅವನಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಗಿರಾಕಿಗೂ, "ನಿನ್ನ ಯಂತ್ರ ಸತ್ತಿದೆ, ಪಾದ್ರೀನ ಕರೀಲಾ, ಇಮಾಮರನ್ನ ಕರೀಲಾ?" ಎನ್ನುವವನು. ಹೆಂಡತಿ ಒಮ್ಮೆ ನನ್ನೆದುರೇ ಹೇಳಿದ್ದಳು, "ಇವರಿಗೆ ನಿಜವಾಗ್ಲೂ ಹೊಟ್ಟೆನೋವು ಬಂದ ದಿನ ನಾನು ನಂಬಲ್ಲ ಕಣೆ, ಆಗೇನು ಗತಿ?" ನಾವೆಲ್ಲ ನಕ್ಕಿದ್ದೆವು.

ಆ ವರ್ಷ ಉತ್ತರದ ಒಣಗಾಳಿ ಬೇಗ ಬಂತು. ತುಟಿ ಒಡೆದವು, ನೆಲ ಬಿರಿಯಿತು, ಸೂರ್ಯ ಧೂಳಿನ ಹಿಂದೆ ಮಂಕಾಗಿ ನಿಂತ. ಅದೇ ಹೊತ್ತಿಗೆ ನಮ್ಮ ಮನೆಯ ಕಂಪ್ಯೂಟರ್ ಕೈಕೊಟ್ಟಿತು. ದಕ್ಷಿಣದ ಚಿನ್ನದ ಗಣಿಯಲ್ಲಿರುವ ನನ್ನ ಗಂಡ ಮಕ್ಕಳ ಪಾಠಕ್ಕೆಂದು ತಂದಿಟ್ಟದ್ದು ಅದು. ಚರ್ಚಿನ ಹಾಡುಗಳ ಹಾಳೆಗಳನ್ನು ನಾನು ಅದರಲ್ಲೇ ಟೈಪು ಮಾಡುತ್ತಿದ್ದೆ. ಗುಂಡಿ ಒತ್ತಿದರೆ ಫ್ಯಾನು ಗುರುಗುಟ್ಟುತ್ತದೆ, ಪರದೆಯ ಮೇಲೆ ಚಿತ್ರ ಬರುತ್ತದೆ, ಇನ್ನೇನು ತೆರೆದುಕೊಳ್ಳಬೇಕು ಎನ್ನುವಾಗ ಪಟ್ ಎಂದು ಕತ್ತಲೆ. ತಾನೇ ಮತ್ತೆ ಶುರುವಾಗಿ ಮತ್ತೆ ಅಲ್ಲಿಗೇ ಬಂದು ಸಾಯುತ್ತದೆ. ಪಕ್ಕದ ಸ್ಟೆಬಿಲೈಜರ್ ಟಕಟಕ ಹಲ್ಲು ಕಡಿಯುತ್ತದೆ.

ಆಟೋದಲ್ಲಿ ಹೇರಿಕೊಂಡು ಅಕೋಲ್ಗೊನ ಅಂಗಡಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಮಹರಾಯ ಒಂದೇ ಸಲಕ್ಕೆ ಎದ್ದು ಕೂತ!

"ಡಗಾಬ ಮುಖ ನೋಡಿದ್ರೆ ಅದಕ್ಕೆ ಮೂರ್ಛೆ ಬರುತ್ತೆ," ಎಂದ ಅಕೋಲ್ಗೊ. "ನೀನು ಟೈಪು ಮಾಡುವಾಗ ಮುಖಕ್ಕೆ ಬಟ್ಟೆ ಹಾಕ್ಕೋ."

ಮನೆಗೆ ತಂದರೆ ಅದೇ ಹಾಡು. ಮತ್ತೆ ಹೊತ್ತೊಯ್ದೆ. ಮೆಮೊರಿ ಪಟ್ಟಿಯನ್ನು ಉಜ್ಜಿ ಹಾಕಿದ, ಕರೆಂಟಿನ ಡಬ್ಬಿಯನ್ನೇ ಬದಲಾಯಿಸಿದ. ಅಂಗಡಿಯಲ್ಲಿ ಸರಿ, ಮನೆಯಲ್ಲಿ ಸಾವು. ನನಗೂ ತಲೆ ಕೆಟ್ಟಿತು. "ನಿಂಗೆ ರಿಪೇರಿ ಬರುತ್ತೋ, ಬರೀ ಬಾಯಿ ಬರುತ್ತೋ?" ಎಂದು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದೆ. ಮಾರನೆಯ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಅವನೇ ಮನೆಗೆ ಬಂದ.

ಕಂಪ್ಯೂಟರಿನ ತಗಡಿಗೆ ಬೆರಳಿನ ಹಿಂಭಾಗ ತಾಗಿಸಿದವನು ಚಕ್ಕನೆ ಕೈ ಹಿಂದೆಗೆದ. ನನಗೆ ಚಪ್ಪಲಿ ಹಾಕಿಕೊಂಡು ಬಾ ಎಂದ. ಕರೆಂಟಿನ ಬಲ ಅಳೆಯುವ ಕೈಮೀಟರಿನ ಕಡ್ಡಿಗಳನ್ನು ಪ್ಲಗ್ಗಿನ ತೂತಿನೊಳಗೆ ಇಳಿಸಿ ನೋಡುತ್ತ ಕೂತ. ಅಂಕಿ ಕೆಳಗಿಳಿಯುತ್ತಿತ್ತು, ತಡಬಡಿಸಿ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. "ಇದಕ್ಕೆ ಹೊಟ್ಟೆಗೇ ಇಲ್ಲ. ಕೆಲಸ ಜಾಸ್ತಿ ಆದ ಕೂಡ್ಲೇ ಕುಸಿದು ಬೀಳುತ್ತೆ, ಪಾಪ," ಎಂದ. ಆಗ ನಾವು ನೋಡುತ್ತಿದ್ದಂತೆಯೇ ಅಂಕಿ ತಾನಾಗಿ ಮೇಲೇರಿತು. ಏರಿ ಅಲ್ಲೇ ನಿಂತಿತು. ಮಂಕಾಗಿದ್ದ ಬಲ್ಬು ಬೆಳ್ಳಗಾಯಿತು.

"ಈಗ ಯಾರು ಏನು ಮಾಡಿದ್ರು?" ಎಂದು ಕೇಳಿದ.

ಯಾರೂ ಏನೂ ಮಾಡಿರಲಿಲ್ಲ. ಹಿತ್ತಲಲ್ಲಿ ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಅಡುಗೆಮನೆಯ ಗೋಡೆಯ ಹಿಂದೆ ಮಾವ ಬರಿಗಾಲಲ್ಲಿ ನಿಂತು, ತಗಡಿನ ಬಕೆಟ್ಟಿನಿಂದ ನೆಲದಲ್ಲಿ ಹೂತ ಕಬ್ಬಿಣದ ಕಂಬಿಯ ಬುಡಕ್ಕೆ ನೀರು ಹೊಯ್ಯುತ್ತಿದ್ದರು. ಅಲ್ಲಿ ಗಿಡವಿಲ್ಲ, ಬಳ್ಳಿಯಿಲ್ಲ. ಕಂಬಿಯ ಸುತ್ತ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು.

ನಮಗ್ಯಾರಿಗೂ ಇದು ಗುಟ್ಟಾಗಿರಲಿಲ್ಲ. ಕಂಪ್ಯೂಟರಿನ ಕಾಯಿಲೆಗೂ ಇದಕ್ಕೂ ನಂಟಿದೆಯೆಂದು ಮಾತ್ರ ಹೊಳೆದಿರಲಿಲ್ಲ. ಮಾವನ ಅಕ್ಕನ ಮಗ ವೈರಿಂಗ್ ಕೆಲಸ ಕಲಿತವನು. ಕರೆಂಟು ವಾಪಸು ಹೋಗುವ ತಂತಿಯನ್ನು ಮೀಟರಿಗೆ ಕೊಡದೆ ಈ ಕಂಬಿಗೆ ಕಟ್ಟಿ, ಮೀಟರು ಮಲಗಿಯೇ ಇರುವಂತೆ ಮಾಡಿ, ದೂರದ ಕುಮಾಸಿ ಪಟ್ಟಣಕ್ಕೆ ಹೊರಟುಹೋಗಿದ್ದ. ಒಣಗಾಲದಲ್ಲಿ ನೆಲ ಒಣಗಿದರೆ ದೀಪ ಸೊರಗುತ್ತದೆ. ಉಪ್ಪುನೀರು ಹೊಯ್ದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ನಮ್ಮ ವಠಾರದ ಬಾಡಿಗೆದಾರರೆಲ್ಲ ಆ ಬೆಳಕಿನಲ್ಲೇ ಉಣ್ಣುತ್ತಿದ್ದರು, ಮಾವನನ್ನು ಬುದ್ಧಿವಂತ ಎನ್ನುತ್ತಿದ್ದರು.

ಅಕೋಲ್ಗೊನ ಮುಖದಲ್ಲಿ ಆವತ್ತು ಕಂಡದ್ದನ್ನು ನಾನು ಮೊದಲೆಂದೂ ಕಂಡಿರಲಿಲ್ಲ. "ಮುದುಕಾ, ಬಕೆಟ್ ಕೆಳಗಿಡು. ಈಚೆ ಬಾ. ನೀನು ಸಾಯ್ತೀಯಾ."

ಮಾವ ಹಲ್ಲು ಬಿಟ್ಟರು. "ಇಷ್ಟು ವರ್ಷದಿಂದ ಅದನ್ನೇ ಹೇಳ್ತಿದೀಯ. ಹೊಸದೇನಾದ್ರೂ ಹೇಳೋ."

"ಇದು ತಮಾಷೆ ಅಲ್ಲ."

"ಹಾಂ, ಇದು ಹೊಸದು! ತಮಾಷೆ ಅಲ್ಲ ಅಂತ ತಮಾಷೆ ಮಾಡೋದು. ಭೇಷ್."

ಹೊರಡುವ ಮುಂಚೆ ಅವನು ನನಗೆ ಬಿಡಿಸಿ ಹೇಳಿದ. ಇಡೀ ಮನೆ ಉಂಡ ಕರೆಂಟು ಆ ಕಂಬಿಯಿಂದಲೇ ಮಣ್ಣಿಗಿಳಿಯುತ್ತದೆ. ಒದ್ದೆ ಕಾಲಲ್ಲಿ ನಿಂತವನ ಕೈ ಒಂದು ದಿನ ಕಂಬಿಗೆ ತಾಗಿದರೆ ಸಾಕು, ಮಣ್ಣಿನ ಬದಲು ಅವನ ಮೈಯೊಳಗೆ ಇಳಿಯುತ್ತದೆ. "ನಿನ್ನ ಕಂಪ್ಯೂಟರಿಗೆ ರೋಗ ಇಲ್ಲ, ತಾಯಿ. ರೋಗ ಇರೋದು ಮನೆಗೆ." ಅವನು ನನ್ನನ್ನು ತಾಯಿ ಎಂದದ್ದು ಅದೇ ಮೊದಲು. ಯಾವಾಗಲೂ 'ನನ್ನ ಕಿರಿ ಹೆಂಡ್ತಿ' ಎಂದು ರೇಗಿಸುವವನು.

ಮಾವನಿಗೆ ಹೇಳಿದೆ. "ನಾಯಿತಲೆಯ ಮಾತು ಕಟ್ಕೊಂಡು ನಂಗೆ ಬುದ್ಧಿ ಹೇಳ್ತೀಯಾ? ತಂತಿ ಕಟ್ಟಿದ ನಮ್ಮ ಹುಡುಗ ಓದಿ ಬಂದವನು," ಎಂದರು. ಗಂಡನಿಗೆ ಫೋನು ಮಾಡಿದೆ. "ಅಪ್ಪನಿಗೆ ಎದುರು ಮಾತಾಡೋಕೆ ನನ್ನಿಂದ ಆಗಲ್ಲ ಮಾರಾಯ್ತಿ," ಎಂದ ಆ ಶೂರ. ಬಾಡಿಗೆದಾರರಿಗೆ ಹೇಳಿದರೆ ಮೆಲ್ಲನೆ ಜಾರಿಕೊಂಡರು. ಅವರಿಗೆ ಫ್ರಿಜ್ಜು ನಡೆದರೆ ಸಾಕು, ಮುದುಕ ನಡೆಯದಿದ್ದರೂ ಚಿಂತೆಯಿಲ್ಲ. ಅವರ ಮುಖಕ್ಕೆ ಉಗಿಯುವಷ್ಟು ಸಿಟ್ಟು ಬಂದಿತ್ತು. ಆ ತಂತಿಯನ್ನು ನಾನೇ ಕಿತ್ತೆಸೆಯೋಣವೆಂದರೆ ಹತ್ತಿರ ಹೋಗಲು ಭಯ. ಬಕೆಟ್ ಬಚ್ಚಿಟ್ಟೆ. ಮಾವ ಅಡುಗೆಯ ಪಾತ್ರೆ ತೆಗೆದುಕೊಂಡು ಹೋದರು, ಸೋತು ಬಕೆಟ್ ಮರಳಿ ಕೊಟ್ಟೆ.

ಅಂದಿನಿಂದ ಅಕೋಲ್ಗೊ ದಿನವೂ ಬರತೊಡಗಿದ. ರಬ್ಬರಿನ ಬೂಟು ತಂದುಕೊಟ್ಟ. ಮಾವ ಅದನ್ನು ಎರಡೂ ಕೈಗೆ ತೊಟ್ಟು ಅಂಗಳದಲ್ಲಿ ಕುಣಿದು, "ನಂಗೆ ಗೋರಿಗೆ ಹೋಗೋ ಬೂಟು ತಂದಿದಾನೆ!" ಎಂದು ವಠಾರವನ್ನೆಲ್ಲ ನಗಿಸಿದರು. ಬೈಗುಳ ಬಿಟ್ಟು ಮೆತ್ತಗೆ ಮಾತಾಡಿ ನೋಡಿದ. "ಇವನಿಗೆ ಹುಷಾರಿಲ್ಲ, ಯಾರಾದ್ರೂ ಗಂಜಿ ಕೊಡಿ," ಎಂದರು ಮಾವ. ಒಂದು ಬೆಳಿಗ್ಗೆ ಧೂಳಿನಲ್ಲಿ ಮೊಣಕಾಲೂರಿದ, ಮಾವನ ಕಾಲು ಹಿಡಿದ. ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಎಷ್ಟು ಚೆನ್ನಾಗಿ ನಟಿಸ್ತಾನೆ ನೋಡೇ ಸಬೀನಾ," ಎಂದರು. ನನಗೆ ನಗು ಬರಲಿಲ್ಲ. ಅವನ ಬೆನ್ನು ನಡುಗುತ್ತಿದ್ದುದು ನಾನು ನಿಂತ ಜಾಗಕ್ಕೂ ಕಾಣುತ್ತಿತ್ತು.

ಗಾಳಿ ಇನ್ನೂ ಒಣಗಿತು. ದಿನಕ್ಕೊಂದು ಸಲ ಹೊಯ್ಯುತ್ತಿದ್ದ ನೀರನ್ನು ಮಾವ ಹೊತ್ತುಹೊತ್ತಿಗೂ ಹೊಯ್ಯತೊಡಗಿದರು. ಹಿತ್ತಲ ನಲ್ಲಿಯನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಮಕ್ಕಳನ್ನು ಆ ಕಡೆ ಬಿಡುವುದನ್ನೇ ನಿಲ್ಲಿಸಿದೆ. ಅಡುಗೆ ಮಾಡುತ್ತಿದ್ದರೂ ಕಿವಿ ಗೋಡೆಯ ಆಚೆಗೇ ಇರುತ್ತಿತ್ತು. ನೀರಿನ ಸದ್ದು ನಿಂತ ಮೇಲೆ ಮಾವನ ಕೆಮ್ಮು ಕೇಳಿಸುವವರೆಗೆ ನನ್ನ ಕೈಯಲ್ಲಿನ ಸೌಟು ಆಡುತ್ತಿರಲಿಲ್ಲ.

ಒಂದು ದಿನ ಒದ್ದೆ ಮಣ್ಣನ್ನು ನೆಕ್ಕಲು ಹೋದ ನಮ್ಮ ಹೋತ ಕಂಬಿಯ ಪಕ್ಕದಲ್ಲಿ ನಾಲ್ಕೂ ಕಾಲು ಸೆಟೆದು ಬಿದ್ದಿತ್ತು. ಉಪ್ಪಿಗೆ ಬಂದ ಪ್ರಾಣಿ, ನಾಲಗೆ ಇನ್ನೂ ಹೊರಗೇ ಇತ್ತು. "ಹಾವು ಕಚ್ಚಿದೆ," ಎಂದರು ಮಾವ. ಎಲ್ಲಿ ಕಚ್ಚಿದೆ ಎಂದು ನಾನು ಕೇಳುವಷ್ಟರಲ್ಲಿ ಚೂರಿ ತಂದರು. ಹೋತದ ತಲೆ ಕೊಯ್ದು, ಎಲೆಯಲ್ಲಿ ಸುತ್ತಿ, "ಈವತ್ತು ನಾಯಿ ಸಿಕ್ಕಲಿಲ್ಲ, ಇದನ್ನೇ ತಿನ್ನು ಅಂತ ಕೊಟ್ಟು ಬಾ," ಎಂದು ನನ್ನನ್ನು ಅಕೋಲ್ಗೊನ ಅಂಗಡಿಗೆ ಕಳಿಸಿದರು.

ಅವನು ಎಲೆ ಬಿಚ್ಚಿ ನೋಡಿದ. ಎಲ್ಲಿ ಸತ್ತದ್ದು ಎಂದು ಕೇಳಿದ. ಹೇಳಿದೆ. ಬಿಚ್ಚಿಟ್ಟ ಯಂತ್ರಗಳ ನಡುವೆ ತಲೆ ಹಿಡಿದು ಕೂತುಬಿಟ್ಟ.

"ನಾವು ನಿಮಗೆ ಕೇಡು ಮಾಡೋ ಹಾಗಿಲ್ಲ, ಸಬೀನಾ. ಮಾಡಿದ್ರೆ ಅಜ್ಜಂದಿರ ಶಾಪ ತಟ್ಟುತ್ತೆ. ನಾನು ಕರೆಂಟ್ ಆಫೀಸಿಗೆ ಹೋದ್ರೆ ಅದು ಕೇಡೇ ಅಲ್ವಾ? ನಾನಾಗಿ ಅವನನ್ನ ಹಿಡಿದುಕೊಟ್ಟ ಹಾಗೆ."

"ಹೋಗದೇ ಇದ್ರೆ?"

"ಹೋಗದೇ ಇದ್ರೆ ಅವನ ಹೆಣದ ಪಕ್ಕ ಕೂತು ನಾನು ತಮಾಷೆ ಮಾಡ್ಬೇಕು. ನನ್ನಿಂದ ಆಗಲ್ಲ ಕಣೆ."

"ಹೋಗು," ಎಂದೆ. "ಈಗ್ಲೇ ಹೋಗು."

ಮಾರನೆಯ ಬೆಳಿಗ್ಗೆ ಏಣಿ ಹೇರಿದ ಜೀಪು ಬಂತು. ಮಾವ ಆಗಷ್ಟೇ ಬಕೆಟ್ ತುಂಬಿಸಿ ಹಿತ್ತಲಿಗೆ ಹೊರಟಿದ್ದರು. ಕಂಬ ಹತ್ತಿದವನು ತಂತಿ ಕತ್ತರಿಸಿದ. ಬಲ್ಬು ಆರಿತು, ಬಾಡಿಗೆದಾರರ ಫ್ರಿಜ್ಜುಗಳ ಗೊಣಗಾಟ ಒಟ್ಟಿಗೇ ನಿಂತಿತು. ಜೊತೆಗೆ ಬಂದಿದ್ದ ಮೇಲಧಿಕಾರಿ ಕಂಬಿಯ ಫೋಟೋ ತೆಗೆದುಕೊಂಡು, ಮಾವನ ಹೆಸರು ಬರೆದುಕೊಂಡು, ದಂಡದ ಮಾತಾಡಿದ. ಜೀಪಿನ ಹಿಂದೆಯೇ ಮೋಟರ್‌ಬೈಕಿನಲ್ಲಿ ಅಕೋಲ್ಗೊ ಬಂದಿದ್ದ. ಅಡಗಿ ಕೂರಬಹುದಿತ್ತು, ಯಾರು ಹೇಳಿದರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂಗಳದ ನಡುವೆ ನಿಂತು, "ನಾನೇ ಹೇಳಿದ್ದು, ಮುದುಕಾ," ಎಂದ.

ಮಾವ ಬಕೆಟ್ ಕೆಳಗಿಟ್ಟರು. ಈಗ ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡೆ. ದೇವರೇ, ಬೈದುಬಿಡಲಿ ಎಂದು ಬೇಡಿಕೊಂಡೆ. ಮಾವ ಅಂಗಿಯ ಅಂಚಿಗೆ ಕೈ ಒರೆಸಿಕೊಂಡು ಒಳಗೆ ಹೋದರು, ಪಾದ್ರಿ ಬಂದಾಗ ಹಾಕುವ ಕುರ್ಚಿಯನ್ನು ಹೊತ್ತು ತಂದು ನೆರಳಿನಲ್ಲಿಟ್ಟರು.

"ಬನ್ನಿ, ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದೀರಿ. ಮನೇಲಿ ಎಲ್ಲಾ ಕ್ಷೇಮಾನಾ?"

ಅಕೋಲ್ಗೊ ಕೂರಲಿಲ್ಲ. "ಬೈಯೋ, ಮುದುಕಾ. ನಿಂಗೆ ಕೈ ಮುಗೀತೀನಿ, ಬೈಯೋ."

"ತಮ್ಮಂಥವರನ್ನ ಬೈಯೋದುಂಟೇ? ಸಬೀನಾ, ಇವರಿಗೆ ಕುಡಿಯೋಕೆ ನೀರು ಕೊಡಮ್ಮ."

ದಂಡ ಕಟ್ಟಿದೆವು. ಹೊಸ ತಂತಿ ಬಂತು, ಮೀಟರು ಎಚ್ಚರವಾಯಿತು. ಕಂಬಿಯನ್ನು ಆಫೀಸಿನವರು ಕಿತ್ತೊಯ್ದರು. ಕಂಪ್ಯೂಟರ್ ಈಗ ಒಂದೇ ಸಲಕ್ಕೆ ತೆರೆದುಕೊಳ್ಳುತ್ತದೆ.

ಆದರೆ ಮಾವ ಒಂದು ದಿನವೂ ಕೋಪ ಮಾಡಿಕೊಳ್ಳಲಿಲ್ಲ. ಬೈಗುಳ ನಿಂತರೆ ನಂಟೂ ನಿಂತಂತೆ, ಅದೇ ನನಗೆ ಹೆದರಿಕೆ. ಅಕೋಲ್ಗೊ ಹಬ್ಬಕ್ಕೆ ಬರುತ್ತಾನೆ, ಭಾನುವಾರಗಳಂದು ಬರುತ್ತಾನೆ. ಮಾವ ಎದ್ದು ನಿಂತು ಬರಮಾಡಿಕೊಳ್ಳುತ್ತಾರೆ, ಕುರ್ಚಿ ಹಾಕುತ್ತಾರೆ, ಹೆಂಡತಿ ಮಕ್ಕಳ ಕ್ಷೇಮ ಕೇಳುತ್ತಾರೆ, ಆಮೇಲೆ ಸುಸ್ತಾಗಿದೆ ಎಂದು ಒಳಗೆ ಹೋಗಿ ಮಲಗುತ್ತಾರೆ. ಅಷ್ಟು ವರ್ಷ ಬೈಗುಳ ತಿಂದು ಕೊಬ್ಬಿದ್ದ ಆ ಮನುಷ್ಯ ಈ ಮರ್ಯಾದೆ ತಿಂದು ಸೊರಗಿಹೋದ. ಅಂಗಡಿಯಲ್ಲೂ ಈಗ ತಮಾಷೆಯಿಲ್ಲವಂತೆ. ಯಂತ್ರ ಬಿಚ್ಚುತ್ತಾನೆ, ಸರಿಮಾಡುತ್ತಾನೆ, ಕೊಡುತ್ತಾನೆ.

ಹೋದ ಭಾನುವಾರ ಮಾವ ಒಳಗೆ ಹೋದ ಮೇಲೆ ಅವನು ಕುರ್ಚಿಯ ತುದಿಯಲ್ಲಿ ಕೂತೇ ಇದ್ದ. ಬಾಗಿಲ ಸಂದಿನಿಂದ ಮಾವನ ಕಾಲು ಕಾಣುತ್ತಿತ್ತು, ಮಲಗಿದಲ್ಲೇ ಅವರು ಹೆಬ್ಬೆರಳು ಆಡಿಸುತ್ತಿದ್ದರು. ಅಕೋಲ್ಗೊ ಅದನ್ನೇ ನೋಡುತ್ತಿದ್ದ. "ಬದುಕಿದಾನಲ್ಲ, ಸಾಕು ಬಿಡು," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಸಬೀನಾ, ನೀನಾದ್ರೂ ಒಂದು ಸಲ ಬೈಯೇ," ಎಂದ.

ನಾನು ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು, ವಠಾರವೆಲ್ಲ ಕೇಳಲಿ ಎಂದು ಕೂಗಿದೆ. "ಏಯ್ ನಾಯಿತಲೆ! ಎಷ್ಟೊತ್ತು ಅಂತ ನಮ್ಮನೆ ಕುರ್ಚಿ ಸವೆಸ್ತೀಯೋ? ನಿನ್ನ ಮೂತಿ ನೋಡಿ ನಮ್ಮ ಕೋಳಿಗಳು ಮೊಟ್ಟೆ ಇಡೋದು ಬಿಟ್ಟಿವೆ, ಎದ್ದು ಹೋಗೋ!"

ಅಕೋಲ್ಗೊನ ಹೆಗಲು ಕುಲುಕಿತು. ಅವನು ನಗತೊಡಗಿದ.

ಒಳಗಿನಿಂದ ಮಾವನ ತಣ್ಣನೆಯ ದನಿ ಬಂತು. "ಸಬೀನಾ, ಮನೆಗೆ ಬಂದ ದೊಡ್ಡವರ ಹತ್ರ ಹಾಗೆಲ್ಲಾ ಮಾತಾಡಬಾರದಮ್ಮ."