ಶಾಲೋಮ, ಸಂತಪುರ

ಭಾಲ್ಕಿಯ ಫೇತ ಟೀಚರ್ ಕಿವಿಗೆ ಬಿದ್ದ ಗುಟ್ಟು ಹೊರಗೆ ಬಂದ ದಾಖಲೆ ಇರಲಿಲ್ಲ. ವಯಸ್ಸು ನಲವತ್ತಮೂರು, ಮದುವೆಯಾಗಿಲ್ಲ, ಹೈಸ್ಕೂಲಿನಲ್ಲಿ ಗಣಿತ, ಕಂಪ್ಯೂಟರ್ ಎರಡನ್ನೂ ಕಲಿಸುತ್ತಾಳೆ. ಚರ್ಚಿನ ಹೆಂಗಸರು ತಮ್ಮ ತಾಯಂದಿರ ಮುಂದೆ ಆಡಲಾರದ್ದನ್ನು ಅವಳ ಮುಂದೆ ಆಡಿ ಹಗುರಾಗುತ್ತಿದ್ದರು.

ಎರಡು ವರ್ಷದ ಹಿಂದೆ ಅವಳ ಹಳೆಯ ವಿದ್ಯಾರ್ಥಿನಿ, ಅದೇ ಚರ್ಚಿನಲ್ಲಿ ಬೆಳೆದ ಶಾಲೋಮ ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬೀದರಿನಿಂದ ಬಂದಿದ್ದಳು. ಮುರಿದವನು ಗಂಡ ರಿಚರ್ಡ. ಹುಡುಗಿ ನರ್ಸಿಂಗ್ ಓದಿದ್ದಳು. ಫೇತ ಅವಳನ್ನು ಔರಾದ ತಾಲ್ಲೂಕಿನ ಸಂತಪುರಕ್ಕೆ ಕರೆದೊಯ್ದು, ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸ ಕೊಡಿಸಿ, ಖುರ್ಷಿದ ಬೇಗಂ ಎಂಬ ವಿಧವೆಯ ಮನೆಯಲ್ಲಿ ಕೋಣೆ ಹಿಡಿದುಕೊಟ್ಟಳು. ರಿಚರ್ಡ ಮೂರು ಸಲ ಭಾಲ್ಕಿಗೆ ಬಂದ. ಒಮ್ಮೆ ಅತ್ತ, ಒಮ್ಮೆ ಬೈದ, ಒಮ್ಮೆ ಬೈಬಲ್ ಮೇಲೆ ಕೈಯಿಟ್ಟು ಇನ್ನು ಹೊಡೆಯುವುದಿಲ್ಲ ಎಂದ. ಮೂರು ಸಲವೂ ಫೇತಳ ಉತ್ತರ ಒಂದೇ: "ನನಗೇನೂ ಗೊತ್ತಿಲ್ಲಪ್ಪ." ತನ್ನ ಹೆತ್ತ ತಾಯಿಗೂ ಅವಳು ಹೇಳಲಿಲ್ಲ.

ಇಷ್ಟು ಗಟ್ಟಿ ಬಾಯಿಯ ಹೆಂಗಸು, ತನ್ನ ಕೈಯಾರೆ, ಒಂದು ವೆಬ್‌ಸೈಟ್ ಮಾಡಲು ಕುಳಿತಳು.

ಚರ್ಚಿನಲ್ಲಿ ಪ್ರತಿ ಭಾನುವಾರ ಆ ವಾರದ ಹುಟ್ಟುಹಬ್ಬದವರ ಹೆಸರು ಓದಿ ಪ್ರಾರ್ಥಿಸುವ ರೂಢಿಯಿತ್ತು. ಹಳೆಯ ರಿಜಿಸ್ಟರಿನಲ್ಲಿ ಅರ್ಧ ತಾರೀಖು ತಪ್ಪು. ಹೆಸರು ಬಿಟ್ಟುಹೋದವರು ಪಾಸ್ಟರ್ ಮೇಲೆ ಮುನಿಸಿಕೊಳ್ಳುವುದು ತಪ್ಪಿರಲಿಲ್ಲ. ಬೇಸಿಗೆ ರಜೆಯಲ್ಲಿ ಫೇತ ವಿಡಿಯೋ ನೋಡಿ ನೋಡಿ ಒಂದು ದಾರಿ ಕಲಿತಳು. ಜನ ಹೇಗೂ ತಮ್ಮ ಜನ್ಮದಿನ, ಫೋಟೋ ಎಲ್ಲವನ್ನೂ ಸಾಮಾಜಿಕ ಜಾಲತಾಣದಲ್ಲಿ ಹಾಕಿರುತ್ತಾರಲ್ಲ, ಅಲ್ಲಿಂದಲೇ ತಂದರಾಯಿತು.

"ಎಪಿಐ ಅಂದ್ರ ಕಂಪನಿಯವರು ಇಟ್ಟ ಒಂದು ಖಿಡಕಿ ಇದ್ದಂಗರಿ," ಎಂದು ಅವಳು ಹಿರಿಯರ ಸಭೆಯಲ್ಲಿ ವಿವರಿಸಿದಳು. "ಮಂದಿ ಒಮ್ಮೆ ಒಪ್ಪಿಗಿ ಒತ್ತಿದ್ರ ಸಾಕು. ನಮ್ಮ ವೆಬ್‌ಸೈಟ್ ದಿನಾ ಆ ಖಿಡಕಿಗಿ ಹೋಗಿ, ಒಪ್ಪಿಗಿ ತೋರಿಸಿ, ಬೇಕಾದ್ದು ಕೇಳಿ ತಗೊಂಡು ಬರ್ತದ."

"ಭಾಳ ಚೊಲೋ ಆತಲ್ಲವಾ," ಎಂದರು ಪಾಸ್ಟರ್. "ಆದ್ರ ನಮ್ಮಲ್ಲಿ ಶಾಲೋಮ ಅನ್ನೋರೇ ಮೂರು ಮಂದಿ ಇದ್ದಾರ. ಯಾರ ಹುಟ್ಟುಹಬ್ಬ ಅಂತ ಹ್ಯಾಂಗ ತಿಳೀಬೇಕು?"

ಹೌದಲ್ಲ! ಪ್ರಾರ್ಥನೆಯಲ್ಲೂ ಹಲಬರ್ಗಾದ ಶಾಲೋಮ, ಮನ್ನಳ್ಳಿಯ ಶಾಲೋಮ ಎಂದು ಊರು ಸೇರಿಸಿಯೇ ಹೇಳುತ್ತಿದ್ದರು. ಫೇತ ಅಂದೇ ಸಂಜೆ, ಹೆಸರು, ಫೋಟೋ, ಜನ್ಮದಿನದ ಪಕ್ಕದಲ್ಲಿ 'ಈಗಿರುವ ಊರು' ಎಂಬುದನ್ನೂ ಕೇಳುವ ಒಂದು ಸಾಲು ಕೋಡ್ ಬರೆದಳು. ಒಪ್ಪಿಗೆಯ ಲಿಂಕನ್ನು ಚರ್ಚಿನ ಪಟ್ಟಿಯಲ್ಲಿದ್ದ ಇನ್ನೂರ ಹನ್ನೆರಡು ಮಂದಿಗೆ ಒಟ್ಟಿಗೇ ಕಳಿಸಿದಳು. ಯಾರು ಯಾರು ಎಂದು ಒಬ್ಬೊಬ್ಬರ ಹೆಸರು ನೋಡುವ ಗೋಜಿಗೆ ಹೋಗಲಿಲ್ಲ. ಗಣಿತದ ಟೀಚರ್‌ಗೆ ಅಷ್ಟು ಅವಸರ ಏಕೆ ಬಂತೋ, ದೇವರಿಗೇ ಗೊತ್ತು.

ವೆಬ್‌ಸೈಟ್ ಭರ್ಜರಿಯಾಗಿ ನಡೆಯಿತು. ಬೆಳಿಗ್ಗೆ ಎದ್ದರೆ ಹುಟ್ಟುಹಬ್ಬದವರ ಫೋಟೋ, ಹೆಸರು, ಊರು, ಕೆಳಗೊಂದು ಆಶೀರ್ವಾದ. ಜನ ಅದನ್ನು ವಾಟ್ಸ್‌ಆಪ್‌ನಲ್ಲಿ ಬೀದರ, ಔರಾದ, ಹೈದರಾಬಾದಿನ ನೆಂಟರಿಗೆಲ್ಲ ಕಳಿಸಿದರು. ಹೊಗಳಿಕೆ ಕೇಳಿ ಫೇತ ಒಂದು ತಿಂಗಳು ನೆಲದ ಮೇಲೆ ನಡೆಯಲಿಲ್ಲ.

ಶಾಲೆ ಶುರುವಾದ ಮೇಲೆ ಒಂದು ಗುರುವಾರ ಊಟದ ಹೊತ್ತಿಗೆ ಫೋನ್ ಬಂತು. ಶಾಲೋಮಳ ದನಿ ಪಿಸುಗುಟ್ಟುತ್ತಿತ್ತು.

"ಅಕ್ಕಾ, ಅವ ಬಂದಾನ್ರಿ. ದವಾಖಾನಿ ಎದುರಿನ ಚಹಾ ಅಂಗಡ್ಯಾಗ ಕುಂತಾನ. ನಾ ಹಿಂದಿನ ಬಾಗಿಲಿಂದ ಮನಿಗಿ ಓಡಿ ಬಂದೇನಿ. ಈ ಊರ ಹೆಸರು ಅವಗ ಯಾರು ಹೇಳ್ಯಾರ್ರಿ?"

ಫೇತ ಊಟ ಬಿಟ್ಟು ವೆಬ್‌ಸೈಟ್ ತೆರೆದಳು. ಎರಡು ದಿನದ ಹಿಂದಿನ ಹುಟ್ಟುಹಬ್ಬದಲ್ಲಿ ನಗುತ್ತಿರುವ ಫೋಟೋ. ಕೆಳಗೆ 'ಶಾಲೋಮ, ಸಂತಪುರ'. ತಕ್ಷಣ ಅಳಿಸಿದಳು. ಅಷ್ಟರಲ್ಲಿ ಅದು ಬೀದರಿನ ಎಷ್ಟು ಫೋನುಗಳನ್ನು ಸುತ್ತಿತ್ತೋ, ಅಲ್ಲಿಂದ ಅಳಿಸಲು ಅವಳ ಬಳಿ ಯಾವ ಸಾಲೂ ಇರಲಿಲ್ಲ.

ಅರ್ಧ ದಿನದ ರಜೆ ಹಾಕಿ ಬೀದರಿಗೆ ಹೋಗಿ, ಅಲ್ಲಿ ಔರಾದದ ಬಸ್ಸು ಹಿಡಿದು ಸಂತಪುರದಲ್ಲಿ ಇಳಿದಾಗ ಸಂಜೆಯಾಗುತ್ತ ಬಂದಿತ್ತು. ಖುರ್ಷಿದ ಬೇಗಂ ಹೊಸ್ತಿಲಲ್ಲೇ ಕಾವಲು ಕೂತಿದ್ದಳು.

"ಬಂದಿದ್ನರಿ ಅಂವ," ಎಂದಳು. "ಇಂಥಾ ಹೆಣ್ಣಮಗಳು ನಮ್ಮ ಮನ್ಯಾಗ ಇಲ್ಲ, ನಡಿ ಅಂದೆ. ನಾಲ್ಕರ ಬಸ್ಸಿಗಿ ಬೀದರಿಗೆ ಹೋದ. ನಾಳಿ ಅಣ್ಣತಮ್ಮರನ್ನ ಕರ್ಕೊಂಡು ಬರ್ತೇನಿ ಅಂದಾನ."

ಒಳಗೆ ಶಾಲೋಮ ಬ್ಯಾಗು ತುಂಬುತ್ತಿದ್ದಳು. ಫೇತ ನಿಂತಲ್ಲಿಂದಲೇ ಹೇಳಿಬಿಟ್ಟಳು.

"ಹೇಳಿದವಳು ನಾನ, ಶಾಲೋಮ. ನನ್ನ ವೆಬ್‌ಸೈಟ್."

ಶಾಲೋಮ ತಿರುಗಿ ನೋಡಿದಳು. "ಜಾಲತಾಣದಾಗ ನಾ ನನ್ನ ಊರು ಹನ್ನೊಂದು ಮಂದಿಗಷ್ಟ ಕಾಣೋಹಂಗ ಇಟ್ಟಿದ್ನೆಲ್ರಿ ಅಕ್ಕಾ. ಅವನನ್ನಂತೂ ಎಂದೋ ಬ್ಲಾಕ್ ಮಾಡೇನಿ."

"ಒಪ್ಪಿಗಿ ಒತ್ತಿದ ಕೂಡಲೆ ಅದು ನನ್ನ ವೆಬ್‌ಸೈಟಿಗಿ ಸಿಕ್ಕಿತು. ನಾ ಅದನ್ನ ಮಂದಿಗೆಲ್ಲ ಕಾಣೋಹಂಗ ಇಟ್ಟೆ."

"ಒತ್ತೇನ್ರಿ, ಖರೆ. ಏನೇನೋ ಬರೆದಿತ್ತು. ನೀವ ಕಳಿಸೀರಲ್ಲ ಅಂತ ಓದಲಿಲ್ಲ."

ಬೈದಿದ್ದರೆ ಫೇತ ತಡೆದುಕೊಳ್ಳುತ್ತಿದ್ದಳು. ಈ ಮಾತು ಕೇಳಿ ಅವಳಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಈ ಕೋಣೆಗೆ ಶಾಲೋಮ ತಾನೇ ಸುಣ್ಣ ಬಳಿದಿದ್ದಳು. ಎರಡು ವರ್ಷ ಬಾಗಿಲ ಸದ್ದಿಗೆ ಬೆಚ್ಚದೆ ಮಲಗಿದ್ದಳು.

"ಎಲ್ಲಿಗಿ ಹೋಗ್ತಿ?" ಫೇತ ಕೇಳಿದಳು. "ನಾ ಯಾರಿಗರೆ ಫೋನ್ ಮಾಡ್ಲೇನು?"

ಶಾಲೋಮ ಬ್ಯಾಗಿನ ಜಿಪ್ ಎಳೆದಳು. "ಬ್ಯಾಡ್ರಿ. ಜಾಗ ನೋಡೇನಿ."

"ಯಾವೂರು?"

ಶಾಲೋಮ ಬ್ಯಾಗು ಎತ್ತಿದಳು. ಇಬ್ಬರೂ ಬ್ಯಾಗಿನ ಒಂದೊಂದು ಹಿಡಿಕೆ ಹಿಡಿದು ಬಸ್ ನಿಲ್ದಾಣದವರೆಗೆ ಬಂದರು. ಔರಾದದ ಕಡೆಗೆ ಹೋಗುವವರೂ ಬೀದರಿನ ಕಡೆಗೆ ಹೋಗುವವರೂ ಒಟ್ಟಿಗೇ ನಿಂತಿದ್ದರು. ಬೀದರಿನ ಬಸ್ಸು ಬಂದಾಗ ಶಾಲೋಮ ಬ್ಯಾಗನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀವು ಮೊದಲ ಹೋಗ್ರಿ ಅಕ್ಕಾ," ಎಂದಳು, ಮೊದಲಿನಷ್ಟೇ ಮೆತ್ತಗೆ. "ನಾ ಯಾವ ಬಸ್ ಹತ್ತಿದೆ ಅಂತ ನೀವೂ ನೋಡಬ್ಯಾಡ್ರಿ."

ಫೇತ ಬಸ್ ಹತ್ತಿ ನಿಲ್ದಾಣದ ಕಡೆಯ ಕಿಟಕಿ ಬಿಟ್ಟು ಆಚೆ ಬದಿಗೆ ಕುಳಿತಳು. ಊರು ದಾಟುವವರೆಗೂ ತಲೆ ಎತ್ತಲಿಲ್ಲ.