ಜವಳಿ ತಾತನ ತೊಯ್ದ ಅಂಚು

ಯಾರಾದರೂ ನನ್ನೆದುರು ಕೂತು ತಾವು ಕಂಡ ವಿಚಿತ್ರವನ್ನು ಹೇಳತೊಡಗಿದರೆ, ‘ಅವತ್ತು ಏನು ಊಟ ಮಾಡಿದ್ದಿರಿ?’ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದವನು ನಾನು. ಜನ ಅಜೀರ್ಣಕ್ಕೆ ದೆವ್ವದ ಹೆಸರಿಡುತ್ತಾರೆ ಎಂಬುದು ನನ್ನ ವಾದ. ಅದನ್ನು ನಾನು ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಸಿರುಗುಪ್ಪದಲ್ಲಿ ಒಂದು ಮಧ್ಯಾಹ್ನ ನಡೆದದ್ದು ಮಾತ್ರ, ಎಷ್ಟು ತುರುಕಿದರೂ ಆ ವಾದದೊಳಗೆ ಹಿಡಿಸುತ್ತಿಲ್ಲ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಅವತ್ತು ನಾನು ಊಟವನ್ನೇ ಮಾಡಿರಲಿಲ್ಲ, ಅಷ್ಟು ತಿಳಿದಿರಲಿ.

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಬಟ್ಟೆಯನ್ನು ರೇಷನ್ನಿನಲ್ಲಿ ಅಳೆದು ಕೊಡುತ್ತಿದ್ದ ಸರ್ಕಾರದ ಕಂಟ್ರೋಲು ಸಡಿಲವಾಗಿ, ಜವಳಿ ಅಂಗಡಿಯವರು ಗಿರಾಕಿಗಳನ್ನು ಮತ್ತೆ ಕೈಬೀಸಿ ಕರೆಯತೊಡಗಿದ್ದರು. ನಾನು ಗುಮಾಸ್ತನಾಗಿದ್ದ ಅಂಗಡಿಯ ಸಾಹುಕಾರರು ಅದಕ್ಕಾಗಿ ಒಳಗೆ ಆಳು ನಿಲ್ಲುವಂಥ ಒಂದು ಗೊಂಬೆ ಮಾಡಿಸಿದರು. ಬಿದಿರಿನ ಚೌಕಟ್ಟು, ಕಾಗದ ಅಂಟಿಸಿ ಮಾಡಿದ ಕೊಳಗದಂಥ ದೊಡ್ಡ ತಲೆ, ಬಿಳಿ ಮೀಸೆ, ಸದಾ ನಗುವ ಬಾಯಿ. ಒಳಗೆ ನಿಂತವನು ಆ ಬಾಯಿಯ ಸಂದಿಯಿಂದಲೇ ದಾರಿ ನೋಡಬೇಕು. ಜನ ಅದನ್ನು ಜವಳಿ ತಾತ ಎಂದು ಕರೆದರು. ಎತ್ತರವಾಗಿದ್ದೇನೆ ಎಂಬ ಒಂದೇ ತಪ್ಪಿಗೆ ಒಳಗೆ ನಿಲ್ಲುವ ಭಾಗ್ಯ ನನ್ನ ಪಾಲಿಗೆ ಬಂತು.

ತಾತನ ಮೈಮೇಲಿನ ಬಟ್ಟೆಯೇ ಜಾಹೀರಾತು. ಕತ್ತರಿ ಕಾಣದ ಇಡೀ ಬಟ್ಟೆಯ ಥಾನನ್ನು ಅಂಗಡಿಯ ದರ್ಜಿ ಖಾದರ್ ಸಾಬರು ನನಗೆ ಸುತ್ತಿ, ಗೊಂಬೆಯ ತಲೆಯನ್ನೂ ಸೇರಿಸಿ, ಬೆನ್ನ ಹಿಂದೆ ಕಚ್ಚಾ ಹೊಲಿಗೆ ಹಾಕಿಬಿಡುತ್ತಿದ್ದರು. ಮುಂಗೈ ಮಾತ್ರ ಹೊರಗೆ, ಆ ಹೊಲಿಗೆ ನನ್ನ ಕೈಗೆ ಎಟುಕದು. ಸಂಜೆ ದಾರ ಕತ್ತರಿಸಿದರೆ ಥಾನು ಹೊಸದರಂತೆ ಅಂಗಡಿಗೆ ಮರಳಬೇಕು, ಮಾರಾಟವಾಗಬೇಕು. ಹರಿಯಬಾರದು, ಕಲೆಯಾಗಬಾರದು. ಸಾಹುಕಾರರು ಈ ಮಾತನ್ನು ಪ್ರತಿದಿನ ಹೇಳುತ್ತಿದ್ದರು. ನನಗೆ ಬೇರೆ ಕೆಲಸ ಸಿಗುವಂತಿರಲಿಲ್ಲ.

ಮನೆಯಲ್ಲಿ ನನ್ನ ಮಗಳು ನೀಲಾಳನ್ನು ನೋಡಿಕೊಳ್ಳುವವರಿರಲಿಲ್ಲ. ಅವಳ ತಾಯಿ ಹಿಂದಿನ ವರ್ಷ ತೀರಿಹೋಗಿದ್ದಳು. ಹಾಗಾಗಿ ತಾತನನ್ನು ತೋರಿಸಲು ನಾನೂ ಸಾಬರೂ ಹೊರಟಾಗ ನಾಲ್ಕು ವರ್ಷದ ಅವಳೂ ನಮ್ಮೊಂದಿಗೆ ಊರೂರು ತಿರುಗುತ್ತಿದ್ದಳು. ಕುರುಗೋಡಿನ ಸಂತೆಯಲ್ಲಿ ಉಳಿದ ಮಕ್ಕಳು ತಾತನನ್ನು ಕಂಡು ಚೀರಿ ಓಡಿದರೆ, ಇವಳು ಮಾತ್ರ ಬೆನ್ನಿಗೆ ಬೀಳುತ್ತಿದ್ದಳು. ‘ನಮ್ಮಪ್ಪ’ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಯಾರೂ ನಂಬುತ್ತಿರಲಿಲ್ಲ.

ಆ ದಿನ ಸಿರುಗುಪ್ಪದ ಪೇಟೆಯಲ್ಲಿ ಅವಳನ್ನು ಒಂದು ಅಂಗಡಿಯ ಕಟ್ಟೆಯ ಮೇಲೆ, ಖಾದರ್ ಸಾಬರ ಪಕ್ಕ ಕೂರಿಸಿ ನಾನು ಒಂದು ಸುತ್ತು ಹೊರಟೆ. ನನಗೆ ತಿಳಿಯದೆ ಅವಳು ಎಂದಿನಂತೆ ನನ್ನ ಹಿಂದೆ ಬಂದಿದ್ದಾಳೆ. ಅಪ್ಪನ ಜೊತೆಗಿದ್ದಾಳಲ್ಲ ಎಂದು ಸಾಬರು ನಿಶ್ಚಿಂತೆಯಿಂದ ನಮಾಜಿಗೆ ಹೋಗಿದ್ದಾರೆ. ತಾತನ ಬಾಯಿಯಿಂದ ಎದುರಿನದು ಕಾಣುತ್ತದೆ, ಹಿಂದಿನದು ಕಾಣುವುದಿಲ್ಲ. ತಿರುಗಿ ಬಂದಾಗ ಕಟ್ಟೆ ಖಾಲಿಯಾಗಿತ್ತು.

“ನಿಮ್ಮ ಹಿಂದೇ ಬಂತಲ್ರೀ ಕೂಸು, ಸಾಬ್ರು ನಮಾಜಿಗೆ ಹೋದ್ರು,” ಎಂದರು ಅಂಗಡಿಯವರು.

ನಾನು ಪೇಟೆಯ ಉದ್ದಕ್ಕೂ ಓಡಿದೆ. ‘ನೀಲಾ, ನೀಲಾ’ ಎಂದು ಕೂಗಿದರೆ ಆ ಕಾಗದದ ತಲೆಯೊಳಗೆ ನನ್ನ ದನಿ ನನ್ನ ಕಿವಿಗೇ ಬಡಿಯುತ್ತಿತ್ತು. ಸಿಕ್ಕಿದವರ ತೋಳು ಹಿಡಿದು, ನನ್ನ ಮಗಳು ಕಾಣುತ್ತಿಲ್ಲ ಎಂದು ಅತ್ತೆ. ಅವರಿಗೆ ಕಂಡದ್ದು ಹಲ್ಲು ಕಿರಿದು ನಗುವ ಮುಖ.

“ತಾತಗ ಮಗಳು ಬೇಕಂತಲೇ!” ಎಂದು ಒಬ್ಬ ಕೂಗಿದ. ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೈ ಮುಗಿದೆ, ಇನ್ನಷ್ಟು ನಕ್ಕರು. ಅಂಥ ಅಸಹಾಯಕತೆ ನನ್ನ ಶತ್ರುವಿಗೂ ಬೇಡ.

ಎದೆಯ ಮೇಲಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಜಗ್ಗಿದ್ದರೆ ಹರಿಯುತ್ತಿತ್ತು. ನಾನು ಜಗ್ಗಲಿಲ್ಲ. ಥಾನು ಹೊಸದು ಎಂಬುದು ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿತ್ತು. ಕೈ ಬಿಟ್ಟು, ಸಾಬರ ಕತ್ತರಿಗಾಗಿ ಮಸೀದಿಯ ಕಡೆಗೆ ಓಡಿದೆ. ನಮಾಜು ಮುಗಿಯುವವರೆಗೂ ಬಾಗಿಲ ಹೊರಗೆ, ಬಿಸಿಲಲ್ಲಿ ನಿಂತೇ ಇದ್ದೆ.

ಸಾಬರು ಹೊರಬಂದವರೇ ನನ್ನ ಗೋಳು ಕೇಳಿ, ಜೇಬಿನ ಕತ್ತರಿ ತೆಗೆದು ಹೊಲಿಗೆ ಬಿಚ್ಚತೊಡಗಿದರು. ಬೆನ್ನಿನಿಂದ ಕೆಳಗಿಳಿದ ಅವರ ಕೈ ಅಂಚಿನ ಹತ್ತಿರ ನಿಂತಿತು.

“ಕಾಲುವಿ ಕಡೀಗೆ ಹೋಗಿದ್ರೇನ್ರೀ? ಅಂಚೆಲ್ಲಾ ತೊಯ್ದು ತೊಪ್ಪಿ ಆಗೇತಲ್ಲ, ರಾಡಿನೂ ಹತ್ತೇತಿ.”

ನಾನು ಕಾಲುವೆಯ ಕಡೆ ಹೋಗಿರಲಿಲ್ಲ. ಆದರೆ ಕಾಲುವೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತಾತನ ತಲೆಯನ್ನೂ ಥಾನನ್ನೂ ಅಲ್ಲೇ ಬಿಸಾಕಿ ಬನಿಯನ್ನಿನಲ್ಲೇ ಓಡಿದೆ. ಸಾಬರು ಏದುಸಿರು ಬಿಡುತ್ತ ಹಿಂದೆ ಬಂದರು. ಊರಾಚೆ, ಕಾಲುವೆಯ ದಂಡೆಯ ಮೇಲೆ, ಜಾಲಿ ಗಿಡದ ನೆರಳಿನಲ್ಲಿ ನೀಲಾ ಕೂತಿದ್ದಳು. ಕೂದಲಿನಿಂದ ನೀರು ಇಳಿಯುತ್ತಿತ್ತು. ತುಟಿ ನೀಲಿಗಟ್ಟಿತ್ತು.

ನಾನು ಅಪ್ಪಿಕೊಂಡಾಗ ಅವಳು ಅಳಲಿಲ್ಲ. ನನ್ನ ಬರಿಯ ತಲೆಯನ್ನು ಮುಟ್ಟಿ ನೋಡಿ ಕೇಳಿದಳು:

“ತಾತನ ತಲಿ ಎಲ್ಲಿಟ್ಟಿ ಅಪ್ಪಾ? ಈಗ ಇತ್ತಲ್ಲ.”

ಸಾಬರು ನನ್ನ ಮುಖ ನೋಡಿದರು. ಬಿಡಿಸಿ ಬಿಡಿಸಿ ಕೇಳಿದೆವು. ಜನರ ನಡುವೆ ದಾರಿ ತಪ್ಪಿ ಇಲ್ಲಿಗೆ ಬಂದಳಂತೆ, ಕಾಲು ಜಾರಿ ಬಿದ್ದಳಂತೆ. ಅಪ್ಪ ತಾತನ ವೇಷದಲ್ಲೇ ನೀರಿಗಿಳಿದು ಎತ್ತಿದನಂತೆ, ಗಿಡದ ಬುಡದಲ್ಲಿ ಕೂರಿಸಿ ಏನೂ ಮಾತಾಡದೆ ಹೋದನಂತೆ.

ನಾನು ಆ ಮೇಲೆ ಬೇಕಾದಷ್ಟು ಲೆಕ್ಕಾಚಾರ ಹಾಕಿದ್ದೇನೆ. ದಪ್ಪ ಮೀಸೆಯ, ದೊಡ್ಡ ರುಮಾಲಿನ ಯಾರೋ ರೈತ ಎತ್ತಿರಬಹುದು. ಹಾಗಾದರೆ ಕೂಸನ್ನು ಒಂಟಿಯಾಗಿ ಬಿಟ್ಟು ಹೋಗುತ್ತಾನೆಯೇ? ಪೇಟೆಯಲ್ಲಿ ಯಾರೋ ಚೆಲ್ಲಿದ ನೀರು ಅಂಚಿಗೆ ತಾಗಿರಬಹುದು. ಕಾಲುವೆಯ ಕಪ್ಪು ಕೆಸರು, ಅದರಲ್ಲಿದ್ದ ಪಾಚಿ ಎಲ್ಲಿಂದ ಬಂತು? ಗಾಬರಿಯಲ್ಲಿ ನಾನೇ ಹೋಗಿ ಮರೆತೆನೇ ಎಂದುಕೊಂಡರೆ, ಮಸೀದಿಯ ಎದುರಿನ ಹೂವಿನವರು, ‘ತಾತ ಇಲ್ಲೇ ಗೂಟದಂಗ ನಿಂತಿತ್ತು’ ಎಂದೇ ಸಾಬರಿಗೆ ಹೇಳಿದರು. ಸಾಹುಕಾರರು ಬೈದು ಮುಗಿಸಿ, ಕಲೆಯಾದ ತುದಿಯನ್ನು ಕತ್ತರಿಸಿ ನನ್ನ ಮುಂದೆ ಎಸೆದರು. ಅದು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.

ನೀಲಾ ಈಗ ಎರಡು ಮಕ್ಕಳ ತಾಯಿ. ಆ ಮಧ್ಯಾಹ್ನವನ್ನು ಅವಳು ಮರೆತಿಲ್ಲ. ನಾನು ಅದನ್ನು ವಿಚಿತ್ರ ಎಂದರೆ ನಗುತ್ತಾಳೆ.

“ವಿಚಿತ್ರ ಏನೈತಪ್ಪ ಅದ್ರಾಗ? ನಾ ಮುಳುಗಾಕ ಹತ್ತಿದ್ದೆ, ನೀ ಬಂದಿ.”

ನಾನು ‘ಹೂಂ’ ಎನ್ನುತ್ತೇನೆ. ಆ ಹೊತ್ತಿನಲ್ಲಿ ನಾನು ಬಟ್ಟೆ ಹರಿದೀತೆಂದು ಹೆದರಿ ಕತ್ತರಿಗಾಗಿ ಕಾಯುತ್ತ ನಿಂತಿದ್ದೆನೆಂದು ಅವಳಿಗೆ ಇವತ್ತಿಗೂ ಹೇಳಿಲ್ಲ.