ಎನಿಡ್ ಅತ್ತೆಯ ಮೂಗಿನ ಮೂರನೆಯ ಪದರ

ನನ್ನ ಅತ್ತೆ ಎನಿಡ್‌ಗೆ ಹೆದರದವರು ನಮ್ಮೂರಾದ ಬಂಡಬರ್ಗ್‌ನಲ್ಲಿ ಯಾರೂ ಇರಲಿಲ್ಲ. ಶಾಲೆಯ ಮುಂದೆ ಬಿಸಿಲಲ್ಲಿ ನಿಂತು, 'ನಿಲ್ಲಿ' ಎಂಬ ಫಲಕ ಎತ್ತಿ ಮಕ್ಕಳನ್ನು ರಸ್ತೆ ದಾಟಿಸುವುದು ಅವರ ಕೆಲಸ. ಕಬ್ಬಿನ ಲಾರಿಯವರೂ ಅವರ ಮುಖ ನೋಡಿ ಬ್ರೇಕ್ ಒತ್ತುತ್ತಿದ್ದರು. ಟೋಪಿ ಹಾಕಿಕೊಳ್ಳಿ ಎಂದರೆ, "ಮುಖ ಕಂಡ್ರೆ ತಾನೇ ಅವರು ಹೆದರೋದು?" ಎನ್ನುತ್ತಿದ್ದರು. ಹಠಮಾರಿ ಹೆಂಗಸು. ಮದುವೆಯಾದ ಹೊಸದರಲ್ಲಿ ಅವರ ಕೈಯಲ್ಲಿ ನಾನು ಪಟ್ಟ ಪಾಡು ಹೇಳಹೊರಟರೆ ಅದೇ ಒಂದು ಪುರಾಣವಾದೀತು.

ಇಂಥವರು ಕೆಲವೊಮ್ಮೆ ಪಾತ್ರೆ ತೊಳೆಯುತ್ತಾ ತಟ್ಟನೆ ನಲ್ಲಿ ನಿಲ್ಲಿಸಿಬಿಡುತ್ತಿದ್ದರು. "ಕೇಳಿಸ್ತೇನೇ, ಲೊರೆಲ್? ಯಾರೋ ಉಸಿರಾಡ್ತಿದ್ದಾರೆ. ಸುಯ್ ಅಂತ." ನನಗೆ ಏನೂ ಕೇಳಿಸುತ್ತಿರಲಿಲ್ಲ, ಆದರೆ ಮೈ ಜುಮ್ಮೆನ್ನುತ್ತಿತ್ತು. ಅದು ಅವರಪ್ಪನ ಉಸಿರು ಎಂದು ನನ್ನ ಗಂಡ ಹೇಳಿದ್ದ. ಅಪ್ಪ ವಿಲ್ಫ್ ಕಬ್ಬು ಕಡಿಯುವ ಆಳು. ಬಿಸಿಲಿಗೆ ಮೂಗಿನ ಮೇಲೊಂದು ಹುಣ್ಣಾಗಿ ಅದು ಕ್ಯಾನ್ಸರ್ ಎಂದಾಯಿತು. ಆ ಕಾಲದ ಡಾಕ್ಟರು ಕಣ್ಣಂದಾಜಿನಲ್ಲಿ ಕತ್ತರಿಸಿ, ಹೊಲಿದು, ಎಲ್ಲಾ ಹೋಯಿತು ಎಂದರು. ವರ್ಷದೊಳಗೆ ಮತ್ತೆ ಬಂತು. ಇನ್ನು ಸ್ವಲ್ಪವೇ ಉಳಿದಿದೆ ಎನ್ನುತ್ತಾ ಮತ್ತೆ ಕತ್ತರಿಸಿದರು. ಹಾಗೆ ಸ್ವಲ್ಪ ಸ್ವಲ್ಪವಾಗಿಯೇ ಆ ಮನುಷ್ಯನ ಮೂಗು ಹೋಯಿತು, ಕೆನ್ನೆ ಹೋಯಿತು, ಕೊನೆಗೆ ಅವನೇ ಹೋದ.

ಕಳೆದ ಬೇಸಿಗೆಯಲ್ಲಿ ಅತ್ತೆಯ ಮೂಗಿನ ಬದಿಯಲ್ಲಿ ಮುತ್ತಿನಂತೆ ಹೊಳೆಯುವ ಒಂದು ಗುಳ್ಳೆ ಎದ್ದಿತು. ಏನೂ ಇಲ್ಲ ಎಂದು ಅವರು ಬ್ಯಾಂಡೇಜ್ ಪಟ್ಟಿ ಅಂಟಿಸಿಕೊಂಡು ತಿರುಗಿದರು. ಕೊನೆಗೆ ನಾನೇ ಜಗಳವಾಡಿ ಚರ್ಮದ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರ್ ಪಾಸ್ಕ್ ಎಂಬಾಕೆ ಚಿಕ್ಕವಳು, ನಗುಮುಖದವಳು. ಜಾಗ ಮರಗಟ್ಟಿಸಿ ತೆಳ್ಳಗೆ ಒಂದು ಪದರ ತೆಗೆದಳು. ಯಾವ ಅಂಚು ಕಣ್ಣಿನ ಕಡೆಯದು, ಯಾವುದು ತುಟಿಯ ಕಡೆಯದು ಎಂದು ಗೊತ್ತಾಗಲು ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ಮಸಿ ಹಚ್ಚಿದಳು. "ಇದನ್ನ ಸೂಕ್ಷ್ಮದರ್ಶಕದಲ್ಲಿ ನೋಡ್ತೀನಿ. ಎಲ್ಲಿ ಕ್ಯಾನ್ಸರ್ ಉಳಿದಿದೆಯೋ ಅಲ್ಲಿ ಮಾತ್ರ ಇನ್ನೊಂದು ಪದರ. ಅಲ್ಲಿವರೆಗೂ ಹೊರಗೆ ಟೀ ಕುಡೀತಾ ಕೂತಿರಿ," ಎಂದಳು.

ಹೊರಗೆ ನಮ್ಮೂರಿನ ಅರ್ಧ ಜನ ಮುಖಕ್ಕೆ ಪಟ್ಟಿ ಸುತ್ತಿಕೊಂಡು ಕೂತಿದ್ದರು. ಸೀಗಡಿ ದೋಣಿಯ ಡಾರ್ಬಿ ಕಿವಿಗೆ ಪಟ್ಟಿ ಕಟ್ಟಿಸಿಕೊಂಡು ಬಿಸ್ಕತ್ತು ತಿನ್ನುತ್ತಿದ್ದ. ಯಾರನ್ನು ಹೆಚ್ಚು ಸಲ ಒಳಗೆ ಕರೆಯುತ್ತಾರೋ ಅವರು ಎಲ್ಲರಿಗೂ ಮಾಂಸದ ಪೈ ಕೊಡಿಸಬೇಕು, ಅದು ಅಲ್ಲಿಯ ಪದ್ಧತಿ.

"ಬಾರಮ್ಮ ಎನಿಡ್! ನನ್ನ ಕಿವಿ ಅರ್ಧ ಒಳಗಡೆ ಫ್ರಿಜ್‌ನಲ್ಲಿದೆ. ಹೆಂಡ್ತಿ ಬೈಯೋದು ಇನ್ಮೇಲೆ ಅರ್ಧನೇ ಕೇಳ್ಸೋದು!"

"ನಿನಗೆ ಕಿವಿ ಇದ್ದಾಗ್ಲೂ ಏನು ಕೇಳಿಸ್ತಿತ್ತೋ, ಮುಟ್ಠಾಳ," ಎಂದರು ಅತ್ತೆ. ಎಲ್ಲರೂ ನಕ್ಕರು.

ಎರಡನೆಯ ಸಲ ಕರೆದಾಗಲೂ ಅತ್ತೆ ನಗುತ್ತಲೇ ಹೋದರು. ಹೊರಬಂದು ನನ್ನ ಪಕ್ಕ ಕೂತರು. ಮೂಗಿಗೆ ತುರುಕಿದ್ದ ಹತ್ತಿಯ ಸಂದಿಯಿಂದ ಅವರ ಉಸಿರು ಸುಯ್ ಎನ್ನುತ್ತಿತ್ತು. ಈ ಸಲ ಅದು ನನಗೂ ಕೇಳಿಸಿತು. ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ನಿಂತು, "ಎನಿಡ್ ಅವರೇ, ಬನ್ನಿ. ಇನ್ನು ಸ್ವಲ್ಪವೇ ಉಳಿದಿದೆ," ಎಂದಳು.

ಅತ್ತೆ ಎದ್ದರು. ಒಳಗಲ್ಲ, ಹೊರಗೆ ನಡೆದರು. ಡಾರ್ಬಿ, "ಪೈ ತರೋಕೆ ಹೊರಟ್ಳು!" ಎಂದು ಚಪ್ಪಾಳೆ ತಟ್ಟಿದ. ನಾನು ಹಿಂದೆಯೇ ಓಡಿದೆ. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡುಬಿಟ್ಟಿದ್ದರು.

"ಮನೆಗೆ ನಡಿ."

"ತಲೆ ಕೆಟ್ಟಿದೆಯಾ ಅತ್ತೆ? ಮುಖದಲ್ಲಿ ತೂತು ಇಟ್ಕೊಂಡು ಮನೆಗಾ?"

"ಇನ್ನು ಸ್ವಲ್ಪ ಅಂದ್ಳಲ್ಲ. ಅಪ್ಪಂಗೂ ಅದೇ ಮಾತು ಹೇಳಿದ್ರು, ಪ್ರತೀ ಸಲ. ನನಗೆ ಗೊತ್ತು ಕಣೇ, ಇದು ನಿಲ್ಲಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಅಪ್ಪನ ಡಾಕ್ಟರು ಹೊಲಿದ ಮೇಲೆ ಕಾದು ನೋಡಿದ್ರು, ಅತ್ತೆ. ಈ ಪಾಸ್ಕ್ ಮೊದಲು ನೋಡಿ ಆಮೇಲೆ ಹೊಲೀತಾಳೆ. ಉಳಿದಿರೋದು ಎಲ್ಲಿ ಅಂತ ಇವಳಿಗೆ ಗೊತ್ತು. ಇವತ್ತು ಎದ್ದು ಹೋದ್ರೆ ಮಾತ್ರ ನೀವು ಅಪ್ಪನ ದಾರಿ ಹಿಡಿದ ಹಾಗೆ."

ಆಗ ಅವರು ಇದುವರೆಗೆ ಯಾರಿಗೂ ಹೇಳದಿದ್ದುದನ್ನು ಹೇಳಿದರು. ಕೊನೆಯ ದಿನಗಳಲ್ಲಿ ಅಪ್ಪ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ಜಾಗದಲ್ಲಿ ಮಲಗುತ್ತಿದ್ದನಂತೆ. ಊಟದ ತಟ್ಟೆ ಒಯ್ಯುವುದು ಇವರ ಪಾಲು. "ತಟ್ಟೆ ಇಟ್ಟು ಅವನ ಬೂಟ್ಸೇ ನೋಡ್ತಿದ್ದೆ. 'ಏನ್ ಮಗಳೇ' ಅಂತಿದ್ದ. ಆ ಸುಯ್ ಅನ್ನೋ ಸದ್ದಿನ ಜೊತೆ. ನಾನು ಓಡಿಬಿಡ್ತಿದ್ದೆ. ಅವನ ಮುಖ ನೋಡ್ಲೇ ಇಲ್ಲ ಕಣೇ. ಸತ್ತಾಗಲೂ ನೋಡ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡು ಕೂತೆ. ಮರಗಟ್ಟಿಸಿದ್ದು ಇಳಿಯತೊಡಗಿತ್ತೋ ಏನೋ, ಅತ್ತೆ ಮುಖ ಹಿಂಡಿಕೊಂಡು ಬೆಲ್ಟ್ ಬಿಚ್ಚಿದರು.

ಮೂರನೆಯ ಪದರ ಉಗುರಿನ ಚೂರಿನಷ್ಟೇ ಇತ್ತು. ಪಾಸ್ಕ್ ಅದನ್ನು ನೋಡಿಬಂದು, "ಸುತ್ತಲೂ ಶುದ್ಧ, ತಳವೂ ಶುದ್ಧ. ಮುಗೀತು. ಪಕ್ಕದ ಚರ್ಮ ಸರಿಸಿ ಹೊಲಿದುಬಿಡ್ತೀನಿ," ಎಂದಳು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ.

"ಹೊಲಿಯೋ ಮುಂಚೆ ಒಂದು ಕನ್ನಡಿ ಕೊಡಮ್ಮ," ಎಂದರು ಅತ್ತೆ.

"ಈಗ ಬೇಡ ಎನಿಡ್ ಅವರೇ. ಹೊಲಿದ ಮೇಲೆ ಚೆನ್ನಾಗಿ ಕಾಣುತ್ತೆ."

"ಚೆನ್ನಾಗಿ ಕಾಣೋದು ಬೇಡ. ಈಗಲೇ ಕೊಡು."

ಪಾಸ್ಕ್ ನನ್ನ ಮುಖ ನೋಡಿದಳು, ಕೊಡಿ ಎಂದು ನಾನು ತಲೆಯಾಡಿಸಿದೆ. ನರ್ಸ್ ಕನ್ನಡಿ ಹಿಡಿದಳು. ಮೂಗಿನ ಬದಿಯಲ್ಲಿ ಕೆಂಪಗೆ, ಆಳವಾಗಿ ಒಂದು ಗುಳಿ. ಅತ್ತೆ ಕಣ್ಣು ಮಿಟುಕಿಸದೆ ನೋಡಿದರು, ಬಾಗಿ ಇನ್ನೂ ಹತ್ತಿರದಿಂದ ನೋಡಿದರು.

"ನೋಡಬಹುದು ಕಣೇ, ಲೊರೆಲ್," ಎಂದರು. "ಇದನ್ನ ನೋಡಬಹುದು. ನಾನು ಆಗಲೂ ನೋಡಬಹುದಿತ್ತು."

ಪಾಸ್ಕ್ ಎರಡು ಸಲ ಕೇಳಿದ ಮೇಲೆಯೇ ಅವರು ಕನ್ನಡಿ ಬಿಟ್ಟದ್ದು.